ಅಡ್ಡಗೆರೆ ಬೀಳದ ಕಾಲೇಜು

ವೇಡ್ ಪ್ರೂಯಿಟ್ ಅಷ್ಟು ಸುಲಭವಾಗಿ ಒಪ್ಪುವ ಆಸಾಮಿಯೇ ಅಲ್ಲ. ಅದಕ್ಕೇ ಬ್ರೀ ಡಾಸೆಟ್‌ಗೆ ಅನುಮಾನ ಬಂತು.

ಬ್ರಾಂಟ್‌ವುಡ್ ಕಾಲೇಜು ಬಿಟ್ಟು ಹೋಗಲು ಅವಳು ಕೊಟ್ಟ ಅರ್ಜಿಯಲ್ಲಿ ಐದು ಕಾಲೇಜುಗಳ ಹೆಸರಿದ್ದವು. ಕೋಚ್ ಪ್ರೂಯಿಟ್ ಪೆನ್ನು ತೆಗೆದು ನಾಲ್ಕರ ಮೇಲೆ ಗೆರೆ ಎಳೆದ. ಐದನೆಯದನ್ನು ಮುಟ್ಟಲಿಲ್ಲ.

"ಕಾಸ್ಲರ್‌ಗೆ ಬೇಕಾದ್ರೆ ಹೋಗು," ಅಂದ.

"ಬೇರೆಯವು ಯಾಕಾಗಲ್ಲ, ಕೋಚ್?"

"ಎರಡು ವರ್ಷ ಅನ್ನ ಹಾಕಿದ್ದೀವಮ್ಮ ನಿನಗೆ. ಬೂಟು ಕೊಟ್ವಿ, ಫೀಸು ಕಟ್ಟಿದ್ವಿ. ಉಂಡ ಮನೆಗೆ ಎರಡು ಬಗೆದು, ನಾಳೆ ನಮ್ಮ ವಿರುದ್ಧಾನೇ ಓಡ್ತೀಯಾ?"

ಅನ್ನ ಹಾಕಿದರಂತೆ! ಪ್ರತಿ ಸೋಮವಾರ ಬೆಳಿಗ್ಗೆ ಇದೇ ಮನುಷ್ಯ ಓಟದ ತಂಡದ ಹನ್ನೊಂದು ಹುಡುಗಿಯರನ್ನು ಒಬ್ಬೊಬ್ಬರಾಗಿ ತೂಕದ ಯಂತ್ರ ಹತ್ತಿಸುತ್ತಿದ್ದ. ತೂಕವನ್ನು ಗಟ್ಟಿಯಾಗಿ ಓದುತ್ತಿದ್ದ. ಹೆಚ್ಚಾದವಳ ತೋಳನ್ನು ಎರಡು ಬೆರಳಲ್ಲಿ ಹಿಂಡಿ, "ಇದನ್ನೂ ಹೊತ್ಕೊಂಡು ಓಡ್ತಾಳಂತೆ ನೋಡ್ರಪ್ಪ," ಎಂದು ಎಲ್ಲರಿಗೂ ತೋರಿಸುತ್ತಿದ್ದ. ಥೂ. ಅದನ್ನು ನೋಡಿಯೂ ನಗುವ ಸಹಾಯಕರು ಬೇರೆ.

ಅಕ್ಟೋಬರಿನಲ್ಲಿ ಬ್ರೀಯ ಮೊಣಕಾಲಿನ ಕೆಳಗೆ ಮೂಳೆ ಬಿರುಕು ಬಿಟ್ಟಿತು. ಪ್ರೂಯಿಟ್ ಅದನ್ನು ನಾಟಕ ಎಂದ. ಒಂಬತ್ತು ದಿನ ಓಡಿಸಿದ. ಹತ್ತನೆಯ ದಿನ ಅವಳಿಗೆ ಎದ್ದು ನಿಲ್ಲಲಾಗಲಿಲ್ಲ. ಅವಳು ದೂರು ಕೊಟ್ಟಳು. ಮೇಲಿನವರು ವಿಚಾರಣೆ ನಡೆಸಿದಂತೆ ಮಾಡಿ, ಕೊನೆಗೆ ಅವನ ಬೆನ್ನು ತಟ್ಟಿ ಕಳಿಸಿದರು. ಗೆಲ್ಲಿಸುವ ಕೋಚ್ ತಾನೇ? ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ. ಅವನ ಕೋಣೆಯ ಗೋಡೆಯ ಮೇಲೆ 'ನಿಷ್ಠೆ' ಎಂದು ದಪ್ಪಕ್ಷರದಲ್ಲಿ ಬರೆಸಿ ತೂಗುಹಾಕಿದ್ದ.

ಆಗಿನ ನಿಯಮ ಹೀಗಿತ್ತು. ಹಳೆಯ ಕೋಚ್ ಸಹಿ ಮಾಡಿಕೊಟ್ಟರೆ ಹೊಸ ಕಾಲೇಜಿನಲ್ಲಿ ಕೂಡಲೇ ಓಡಬಹುದು. ಕೊಡದಿದ್ದರೆ ಒಂದು ವರ್ಷ ಓಟವೂ ಇಲ್ಲ, ವಿದ್ಯಾರ್ಥಿವೇತನವೂ ಇಲ್ಲ. ಎರಡನೆಯ ಸಲ ಕಾಲೇಜು ಬದಲಿಸಿದರಂತೂ ಯಾರ ಸಹಿಯಿದ್ದರೂ ಒಂದು ವರ್ಷ ವೇತನವಿಲ್ಲದೆ ಮೂಲೆಯಲ್ಲಿ ಕೂರಬೇಕು. ಬ್ರೀಯ ಅಪ್ಪ ಅಯೋವಾದಲ್ಲಿ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ. ವಿದ್ಯಾರ್ಥಿವೇತನ ಹೋದರೆ ಅವಳ ಓದು ಅಲ್ಲಿಗೇ ಮುಗಿದಂತೆ. ಇದ್ದದ್ದು ಒಂದೇ ಅವಕಾಶ.

"ಕಾಸ್ಲರ್‌ನಲ್ಲಿ ಓಡೋರಿಗೇ ಗತಿಯಿಲ್ಲ," ಎಂದು ಪ್ರೂಯಿಟ್ ಸಹಿ ಹಾಕಿದ. "ನಿನ್ನಂಥವಳು ಒಬ್ಬಳು ಬೇಕೇ ಬೇಕು ಅಲ್ಲಿಗೆ. ಹೋಗು. ಹೊಸ ಜಾಗ ಯಾರಿಗಾದ್ರೂ ಒಳ್ಳೇದೇ."

ಕಾಗದ ಹಿಡಿದು ಅವಳು ಹಾಸ್ಟೆಲಿಗೆ ಬಂದಳು. ಜೊತೆಯವಳು ಡೀಡ್ರಾ ಅದನ್ನು ಎರಡು ಸಲ ಓದಿ ಮೂತಿ ತಿರುವಿದಳು.

"ಹಳ್ಳ ನೋಡಿ ತಳ್ಳಿದ್ದಾನೆ ಕಣೇ. ಕಾಸ್ಲರ್ ಹೋದ ವರ್ಷ ಕಟ್ಟಕಡೇಲಿತ್ತು. ನಿನ್ನ ಹೆಸರು ಅಲ್ಲೇ ಮಣ್ಣಾಗ್ಲಿ ಅಂತ."

"ಕಡೇಲಿದ್ರೇನು? ಅಲ್ಲಿ ಇವನಿಲ್ವಲ್ಲ."

"ಅದೂ ನಿಜ ಅನ್ನು. ಈಗೀಗ ಅವನು ಇಲ್ಲೂ ಸರಿಯಾಗಿರಲ್ಲ. ಈ ಏಪ್ರಿಲ್ ತಿಂಗಳಲ್ಲೇ ಮೂರು ಸಲ ಹಲ್ಲಿನ ಡಾಕ್ಟರಂತೆ. ಎಲ್ಲಾ ಹಲ್ಲೂ ಉದುರಿಹೋಗ್ಲಿ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಾಸ್ಲರ್‌ನ ಕೋಚ್ ಮಾರ್ಜ್ ಕೀನರ್ ಎಂಬ ಅರವತ್ತರ ಹೆಂಗಸು. ಅಲ್ಲೇ ಇಪ್ಪತ್ತೆರಡು ವರ್ಷ ಕಳೆದವಳು. ವಿದ್ಯಾರ್ಥಿವೇತನದ ಮಾತು ಮುಗಿಸಿದ ಮೇಲೆ ಫೋನಿನಲ್ಲಿ ಬ್ರೀ ಅಳುಕುತ್ತಲೇ ಕೇಳಿದಳು, "ನಿಮ್ಮಲ್ಲಿ ತೂಕ ಯಾವಾಗ ನೋಡ್ತೀರಾ?"

"ಹಿಟ್ಟಿನದ್ದಾ, ಮರಿ?" ಎಂದಳು ಮಾರ್ಜ್. "ಕೇಕು ಮಾಡೋ ದಿನ ನೋಡ್ತೀನಿ. ನೀನು ಕಾಲು ವಾಸಿ ಮಾಡ್ಕೊಂಡು ಬಾ. ಅವಸರವಿಲ್ಲ."

ಫೋನಿಟ್ಟು ಬ್ರೀ ಅತ್ತಳು. ಎರಡು ವರ್ಷದಲ್ಲಿ ಅವಳ ಕಾಲಿನ ಬಗ್ಗೆ ಯಾವ ಕೋಚೂ ಹಾಗೆ ಮಾತಾಡಿರಲಿಲ್ಲ. ಮೇ ಕೊನೆಗೆ ದಾಖಲಾತಿ ಮುಗಿಯಿತು. ಬೇಸಿಗೆಯಿಡೀ ಊರಿನ ಹೋಟೆಲಿನಲ್ಲಿ ಮಾಣಿ ಕೆಲಸ ಮಾಡಿದಳು, ಹೊಟ್ಟೆ ತುಂಬ ತಿಂದಳು, ಜೋಳದ ಹೊಲಗಳ ನಡುವೆ ನೋವಿಲ್ಲದೆ ಓಡಿದಳು. ಆಗಸ್ಟಿನಲ್ಲಿ ಅಪ್ಪ ಅವಳ ಪೆಟ್ಟಿಗೆಗಳನ್ನು ಕಾಸ್ಲರ್‌ನಲ್ಲಿ ಇಳಿಸಿ, "ಇನ್ನಾದ್ರೂ ನಗ್ತಾ ಇರು ಮಗಳೇ," ಎಂದು ಹೋದ.

ಮರುದಿನ ತಂಡದ ಮೊದಲ ಸಭೆ. ಬ್ರೀ ಬೇಗ ಹೋಗಿ ಮುಂದಿನ ಸಾಲಿನಲ್ಲೇ ಕುಳಿತಳು. ಜೇಬಿನಲ್ಲಿ ಫೋನು ಗುರುಗುಟ್ಟಿತು. ಡೀಡ್ರಾ. ಸಭೆಯಾದ ಮೇಲೆ ಮಾತಾಡಿದರಾಯಿತೆಂದು ಅದುಮಿದಳು. ಮತ್ತೆ ಬಂತು. ಮತ್ತೂ ಬಂತು.

ಕ್ರೀಡಾ ವಿಭಾಗದ ನಿರ್ದೇಶಕ ಒಬ್ಬನೇ ಬಂದು ಗಂಟಲು ಸರಿಮಾಡಿಕೊಂಡ. ಮಾರ್ಜ್ ಕೀನರ್ ವಿಶ್ರಾಂತಿ ಬಯಸಿದ್ದಾರೆ ಎಂದ. ಹಿಂದಿನ ಸಾಲಿನವಳೊಬ್ಬಳು, "ಬಯಸಿದ್ದಲ್ಲ, ನಿನ್ನೆ ತೆಗೆದುಹಾಕಿದ್ದು," ಎಂದು ಗೊಣಗಿದಳು. ನಿರ್ದೇಶಕ ಕೇಳಿಸದವನಂತೆ ಮುಂದುವರಿದ. ಏಪ್ರಿಲಿನಿಂದಲೇ ಮಾತುಕತೆ ನಡೆಸಿ ಭಾರಿ ಸಂಬಳಕ್ಕೆ ಒಪ್ಪಿಸಿರುವ ಕೋಚ್ ಈ ಬೆಳಿಗ್ಗೆಯೇ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ನೇರ ಇಲ್ಲಿಗೆ ಬಂದಿದ್ದಾರೆ, ಈ ಋತುವಿನಿಂದಲೇ ಶುರು, ಎಂದು ಹಲ್ಲುಬಿಟ್ಟ.

ವೇಡ್ ಪ್ರೂಯಿಟ್ ಒಳಗೆ ಬಂದು, ಬ್ರೀಯ ಪಕ್ಕದ ಕುರ್ಚಿಯನ್ನೇ ಎಳೆದುಕೊಂಡು ಕುಳಿತ.