ಕೆಟ್ಟು ನಿಂತ ಗಾಡಿ

ಎಂಗ್ರಾಸಿಯಾಳ ಮನೆ ಎದುರಿಗೆ ಬರುತ್ತಿದ್ದಂತೆ ಮುದುಕ ಫೆಲಿಸ್ ಕೀಲಿ ತಿರುಗಿಸಿ ಟ್ರಕ್ಕಿನ ಎಂಜಿನ್ ಆರಿಸಿಬಿಟ್ಟ. ಹಿಂದೆ ಹಗ್ಗ ಬಿಗಿದು ನಿಲ್ಲಿಸಿದ್ದ ಸಂತ ರೋಕೆಯ ಮೂರ್ತಿ ಒಮ್ಮೆ ಓಲಾಡಿ ನಿಂತಿತು. ಸಾಂಕ್ರಾಮಿಕದ ಕಾರಣ ಗುವಾಮ್ ದ್ವೀಪದ ಆ ಊರಿಗೆ ಈ ಸಲ ಸಂತನ ಹಬ್ಬಕ್ಕೆ ಸಿಕ್ಕ ಅನುಮತಿ ಇಷ್ಟೇ: ಸಂತ ಗಾಡಿಯಲ್ಲಿ ಊರು ಸುತ್ತಬಹುದು, ಎಲ್ಲೂ ನಿಲ್ಲುವಂತಿಲ್ಲ.

ಹಿಂದಿನ ಪೊಲೀಸ್ ಕಾರಿನಿಂದ ಫೆಲಿಸನ ತಂಗಿಯ ಮಗ ವಿದಾಲ್, ಮಾಸ್ಕ್ ಎಳೆದುಕೊಳ್ಳುತ್ತ ಇಳಿದು ಬಂದ.

"ಏನಾಯ್ತು ಮಾವ?"

"ಕೆಟ್ಟೋಯ್ತು ಕಣೋ."

"ಮೂವತ್ತು ವರ್ಷ ಕೆಡದೇ ಇರೋ ಗಾಡಿ, ಸರಿಯಾಗಿ ಇಲ್ಲೇ ಕೆಡ್ತಾ?"

ಫೆಲಿಸನ ಬೆವರಿದ ಮುಷ್ಟಿಯಲ್ಲಿ ಕೀಲಿ ಚುಚ್ಚುತ್ತಿತ್ತು. ಕಣ್ಣು ಆ ಮನೆಯ ಕಿಟಕಿಯ ಮೇಲಿತ್ತು. ಪ್ರತಿ ವರ್ಷ ಸಂತನ ಹಾಡು ಎತ್ತಿಕೊಡುತ್ತಿದ್ದ ಎಂಗ್ರಾಸಿಯಾ ಸೋಂಕು ತಗುಲಿ ಹತ್ತು ದಿನದಿಂದ ಒಳಗೇ ಇದ್ದಳು. ಪರದೆ ಅಲುಗಲಿಲ್ಲ.

"ಸ್ಟಾರ್ಟ್ ಮಾಡು ಮಾವ. ನನ್ನ ಕೆಲಸ ಹೋಗುತ್ತೆ."

"ಒಂದ್ನಿಮಿಷ ತಡಿಯೋ. ಅವಳು ಹಾಡದೆ ಎಂಥಾ ಹಬ್ಬ?"

ಪರದೆ ಸರಿಯಿತು. ಗಾಜಿನ ಹಿಂದೆ ಮುದುಕಿ ಕೆಮ್ಮಿದಳು, ಎದೆ ನೀವಿಕೊಂಡಳು, ಬಾಯಿ ತೆರೆದಳು. ತುಟಿ ಆಡುವುದು ಕಾಣುತ್ತಿತ್ತೇ ಹೊರತು, ಮೆರವಣಿಗೆಯಲ್ಲಿ ಹಿಂದೆ ಬಂದಿದ್ದ ಊರವರ ಕಾರುಗಳ ಸದ್ದಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

ವಿದಾಲ್ ಒಂದು ಕ್ಷಣ ಅವಳನ್ನೇ ನೋಡಿದ. ತನ್ನ ಕಾರಿಗೆ ಮರಳಿ ಎಂಜಿನ್ ಆರಿಸಿದ.

"ನಂದೂ ಕೆಟ್ಟೋಯ್ತು," ಎಂದು ಹಿಂದಿನವರಿಗೆ ಕೂಗಿ ಹೇಳಿದ.

ಸಾಲಿನಲ್ಲಿದ್ದ ಕಾರುಗಳೆಲ್ಲ ಒಂದರ ಹಿಂದೊಂದು ಕೆಟ್ಟು ನಿಂತವು.