ಎವೆಯಿಕ್ಕದವನ ವಿಶ್ರಾಂತಿ

"ಬರೀ ಫೈಟರ್ ಅಂತ ಬರೆದ್ರೆ ಅವನಿಗೆ ಅವಮಾನ ಕಣಕ್ಕ," ಎಂದ ತಮ್ಮ.

"ಮಾನ ಅವಮಾನ ಆಮೇಲೆ. ಮೊದಲು ಇಪ್ಪತ್ತು ಲೆವೆಲ್ ಹಂಚು," ಎಂದಳು ಅಕ್ಕ.

ಊಟದ ಮೇಜಿನ ಮೇಲೆ ಐದಾರು ಬಗೆಯ ದಾಳಗಳು, ಇಟ್ಟಿಗೆಯಂಥ ನಿಯಮದ ಪುಸ್ತಕ, ಪಾತ್ರದ ಕಸುಬುಗಳನ್ನೂ ಒಂದೊಂದರಲ್ಲಿ ಅದರ ಲೆವೆಲನ್ನೂ ಬರೆದಿಡುವ ಒಂದು ಹಾಳೆ. ದಾಳ ಉರುಳಿಸುತ್ತ ಕಥೆ ಕಟ್ಟುವ ಈ ಆಟ ಅವರಿಬ್ಬರ ಭಾನುವಾರ ಮಧ್ಯಾಹ್ನದ ಹಳೆಯ ಚಟ. ತಮ್ಮ ಆಡುವವನು, ಅಕ್ಕ ಆಡಿಸುವವಳು. ಹಾಳೆಯಲ್ಲಿ ಬರೆದದ್ದು ಬರೆದ ಗಳಿಗೆಯಿಂದಲೇ ಜಾರಿ ಎಂಬುದು ಅವಳ ಕಟ್ಟುನಿಟ್ಟು; ಅಲ್ಲಿ ತಮ್ಮನ ಗೋಗರೆತ ಎಂದೂ ನಡೆದದ್ದಿಲ್ಲ. ಇವತ್ತು ಹಾಳೆಗೆ ಇಳಿಯಬೇಕಾಗಿದ್ದವನು ಅಮ್ಮನ ಕಥೆಯ ಎವೆಯಿಕ್ಕದವನು. ಅಮ್ಮ ಇರುವಾಗಲೇ ಇದೊಂದು ಆಗಿಬಿಡಲಿ ಎಂದು ತಮ್ಮ ಹಟ ಹಿಡಿದಿದ್ದ.

ಅಮ್ಮನಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿ ಇದ್ದ ಕಾಲದಲ್ಲಿ, ಎರಡು ಮಕ್ಕಳನ್ನು ಬೀಗದೊಳಗೆ ಬಿಟ್ಟು ಹೋಗುವ ಸಂಕಟಕ್ಕೆ ಅವಳು ಹುಟ್ಟಿಸಿದ ವೀರ ಅವನು. ಸಾವಿರ ವರ್ಷದಿಂದ ಬಾಗಿಲಲ್ಲಿ ನಿಂತಿದ್ದಾನೆ. ಮಲಗಿಲ್ಲ, ಕೂತಿಲ್ಲ, ಎವೆಯಿಕ್ಕಿಲ್ಲ. ಅವನನ್ನು ದಾಟಿ ಒಳಗೆ ಕಾಲಿಟ್ಟವರಿಲ್ಲ. ಈಗ ಅಮ್ಮನೇ ಒಳಕೋಣೆಯಲ್ಲಿ ಮಲಗಿದ್ದಳು. ಇನ್ನು ಹದಿನೈದು ದಿನ ಎಂದು ಡಾಕ್ಟರು ಹೇಳಿ ಎಂಟು ತಿಂಗಳಾಗಿತ್ತು. ಬಂದಾಗಲೆಲ್ಲ ನಾಡಿ ಹಿಡಿದು, ಹುಬ್ಬೇರಿಸಿ, ಏನೂ ಹೇಳದೆ ಹೋಗುತ್ತಿದ್ದರು. ಅಮ್ಮನ ಮಾತು ನಿಂತೇ ನಾಲ್ಕು ತಿಂಗಳು. ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಾಸಿಗೆಯ ಪಕ್ಕ ಕೂರುವವಳು ಅಕ್ಕ. ತಮ್ಮ ಭಾನುವಾರದ ನೆಂಟ.

"ಈಟಿ ಹಿಡಿಯೋಕೆ ಫೈಟರ್ ಆರು ಸಾಕು," ಎಂದ ತಮ್ಮ. "ಹಸಿವು ಬಾಯಾರಿಕೆ ಗೆದ್ದು ನಿಲ್ಲೋಕೆ ಮಾಂಕ್ ನಾಲ್ಕು. ಉಳಿದ ಹತ್ತೂ ಪಾಲಡಿನ್, ಧರ್ಮಯೋಧ. ಪಾಲಡಿನ್ ಆಗ್ಬೇಕಾದ್ರೆ ಆಣೆ ಮಾಡಿರ್ಬೇಕು. ಇವನು ಮಾಡಿದ್ದಾನೆ."

"ಯಾರಿಗೆ?"

"ಇನ್ಯಾರಿಗೆ, ಅಮ್ಮಂಗೆ." ತಮ್ಮ ನಕ್ಕ. ಅಕ್ಕ ನಗದೆ ಬರೆದುಕೊಂಡಳು.

"ಈಟಿ ಎಡಗೈಲಿ ಅಂತ ಹಾಕು," ಎಂದ ತಮ್ಮ.

"ಬಲಗೈ," ಎಂದಿತು ಒಳಕೋಣೆಯಿಂದ ಅಮ್ಮನ ದನಿ.

ಇಬ್ಬರೂ ಎದ್ದು ಓಡಿದರು. ಅಮ್ಮ ಎಂದಿನಂತೆ ಕಣ್ಣು ಮುಚ್ಚಿ ಮಲಗಿದ್ದಳು, ತುಟಿ ಒಣಗಿ ಅಂಟಿಕೊಂಡಿತ್ತು. ಕರೆದರೆ ಓಗೊಡಲಿಲ್ಲ. ಅಕ್ಕ ಹತ್ತಿ ನೆನೆಸಿ ತುಟಿ ಒರೆಸಿದಳು. ತಿರುಗಿ ಬರುವಾಗ ತಮ್ಮ ಒಂದು ವಿಚಿತ್ರ ಗಮನಿಸಿದ: ಫ್ಯಾನು ಜೋರಾಗಿ ತಿರುಗುತ್ತಿದ್ದರೂ ಕೋಣೆಯ ಬಾಗಿಲ ಪರದೆ ಒಂದಿಷ್ಟೂ ಅಲುಗುತ್ತಿರಲಿಲ್ಲ. ಯಾರೋ ಅದಕ್ಕೆ ಬೆನ್ನು ಕೊಟ್ಟು ನಿಂತಂತಿತ್ತು. ಅವನು ಬಂದು ಕೂತು, ಎಡ ಅಳಿಸಿ ಬಲ ಎಂದು ತಾನೇ ಬರೆದ.

ಉಳಿದದ್ದು ಹಾಳೆಯ ಕೊನೆಯ ಸಾಲು, ವಿಶ್ರಾಂತಿ.

"ಅದನ್ನ ಖಾಲಿ ಬಿಡು. ಅವನು ಮಲಗಲ್ಲ," ಎಂದ ತಮ್ಮ.

"ದಿನಕ್ಕೆ ಎಂಟು ಗಂಟೆ ಎಲ್ರಿಗೂ ಕಡ್ಡಾಯ. ಪುಸ್ತಕದಲ್ಲಿದೆ."

"ಮಲಗಿದ್ರೆ ಅವನು ಅವನಾಗೇ ಇರಲ್ವಲ್ಲಕ್ಕ. ಕಥೆ ಇರೋದೇ ಅಷ್ಟು."

ಅಕ್ಕ ಪೆನ್ಸಿಲ್ ಕೆಳಗಿಟ್ಟಳು. ಅವಳ ಕಣ್ಣಿನ ಸುತ್ತ ಕಪ್ಪು ಇಳಿದಿರುವುದನ್ನು ತಮ್ಮ ಅವತ್ತು ಸರಿಯಾಗಿ ನೋಡಿದ. "ಎಂಟು ತಿಂಗಳು ನಿದ್ದೆಗೆಟ್ಟಿದ್ದೀಯೇನೋ ನೀನು? ಗೋಡೆ ಓಡಾಡಿದ ಹಾಗೆ ಕಾಣತ್ತೆ. ಒಂದ್ಸಲ ಸತ್ತಾದ್ರೂ ಹೋಗ್ಬಾರ್ದಾ ಅನ್ಸತ್ತೆ. ಅವಳಲ್ಲ, ನಾನು. ನಿದ್ದೆಯಿಲ್ಲದೆ ಕಾಯೋದು ಏನು ಅಂತ ನಂಗೊತ್ತು. ಪಾಪ, ಅವನಾದ್ರೂ ಮಲಗ್ಲಿ ಬಿಡು."

ತಮ್ಮನಿಗೆ ನಾಚಿಕೆಯಾಯಿತು. ನಾಳೆಯಿಂದ ನಾನು ಕೂರ್ತೀನಿ ಎನ್ನಬೇಕಿತ್ತು; ಅವನು ದಾಳವೊಂದನ್ನು ಬೆರಳಲ್ಲಿ ತಿರುಗಿಸುತ್ತ ಕೂತ. ಅದನ್ನೇ ಒಪ್ಪಿಗೆ ಎಂದುಕೊಂಡು ಅಕ್ಕ ಬರೆದಳು: ವಿಶ್ರಾಂತಿ, ಎಂಟು ಗಂಟೆ, ಈಗಿನಿಂದ.

ಕೋಣೆಯ ಬಾಗಿಲಲ್ಲಿ ಯಾರದೋ ಮಂಡಿ ಲಟಕ್ಕೆಂದಿತು. ಬಹಳ ಹೊತ್ತು ನಿಂತವರು ಕೂರುವಾಗ ಬರುವ ದೊಡ್ಡದೊಂದು ಉಸಿರು ಕೇಳಿತು. ಆಮೇಲೆ ಉದ್ದನೆಯ ಮರದ ಕೋಲೊಂದನ್ನು ಜೋಪಾನವಾಗಿ ಗೋಡೆಗೆ ಒರಗಿಸಿದ ಸದ್ದು. ಅಲ್ಲಿ ಯಾರೂ ಇರಲಿಲ್ಲ. ಪರದೆ ಮಾತ್ರ ಫ್ಯಾನಿನ ಗಾಳಿಗೆ ಪಟಪಟ ಹಾರತೊಡಗಿತು.

"ಅಕ್ಕ, ಅಳಿಸು," ಎಂದ ತಮ್ಮ. "ಅಕ್ಕ, ಬೇಗ ಅಳಿಸು."

ಅಕ್ಕ ಹಾಳೆಯ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟಿದ್ದಳು. ಪೆನ್ಸಿಲ್ ಬೆರಳ ನಡುವೆಯೇ ಇತ್ತು. ಇಷ್ಟು ತಿಂಗಳಲ್ಲಿ ಅವಳ ಗೊರಕೆ ಕೇಳಿದ್ದು ಅದೇ ಮೊದಲು. ತಮ್ಮ ರಬ್ಬರ್ ಹಿಡಿದು ಹಾಳೆ ಎಳೆದ. ಆ ಸಾಲು ಅವಳ ಕೆನ್ನೆಯ ಅಡಿಯಲ್ಲಿತ್ತು, ಹಾಳೆ ಬರಲಿಲ್ಲ. ಹೊರಗಿನ ಮೆಟ್ಟಿಲಲ್ಲಿ ಯಾರೋ ನಿಧಾನವಾಗಿ ಹತ್ತುತ್ತಿದ್ದರು. ಬೀಗ ಹಾಕಿದ ಮುಂಬಾಗಿಲು ತೆರೆದ ಸದ್ದಿಲ್ಲದೆಯೇ ಹೆಜ್ಜೆಗಳು ಒಳಗೆ ಬಂದವು, ಮೇಜಿನ ಪಕ್ಕದಿಂದಲೇ ಹಾದು ಕೋಣೆಯತ್ತ ನಡೆದವು. ಅವನು ಅಕ್ಕನ ಭುಜ ಹಿಡಿದು ಅಲುಗಾಡಿಸಲು ಕೈ ಎತ್ತಿದ.

ಒಳಗಿಂದ ಅಮ್ಮನ ದನಿ ಬಂತು, ಈ ಸಲ ಪಿಸುಮಾತಿನಲ್ಲಿ.

"ಬನ್ನಿ. ಸದ್ದು ಮಾಡ್ಬೇಡಿ, ಮೆಲ್ಲಗೆ ಬನ್ನಿ. ನನ್ನ ಮಗಳು ಈಗಷ್ಟೇ ಮಲಗಿದ್ದಾಳೆ."