ಹೆಬ್ಬೆರಳಿನಷ್ಟು ಕತ್ತಲೆ

ಅಶ್ಮಿತಾ ಟ್ಯೂಬ್‌ಲೈಟ್ ಆರಿಸಿ ನೇರಳೆ ಟಾರ್ಚ್ ಹಾಯಿಸಿದೊಡನೆ, ಊಟದ ಮೇಜಿನ ಮೇಲಿದ್ದ ಕಾಗದದ ಪಟ್ಟಿ ತಿಳಿಹಸಿರಾಗಿ ಹೊಳೆಯಿತು. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಅವಳು ಕಾದದ್ದು ಈ ಬೆಳಕಿಗಾಗಿ. ಡೊಂಬಿವಲಿಯ ಆ ಪುಟ್ಟ ಮನೆಗೆ ಅದು ಮೊದಲ ಸಲ ಬಂದಿತ್ತು.

“ಇದಕ್ಕೆ ಹಚ್ಚಿರುವುದು ಪಾಲಿಮರ್, ಅಮ್ಮ. ಒಳಗೆಲ್ಲ ಕಣ್ಣಿಗೆ ಕಾಣದ ತೂತುಗಳು, ಜೇನುಗೂಡಿನ ಹಾಗೆ. ಪಪ್ಪನ ಫ್ಯಾಕ್ಟರಿಯ ಬಣ್ಣದ ಕೆಮಿಕಲ್ ಚೂರು ತಾಗಿದರೂ ಲೈಟ್ ಬಂದ್.”

“ನನ್ನ ಕೈ ತಾಗಿದರೆ?” ಬಂಗುಡೆ ಮೀನಿಗೆ ಅರಸಿನ ಸವರುತ್ತಿದ್ದ ಪುಷ್ಪಾವತಿ ಹಾಗೆಯೇ ಬಂದು ಬೆರಳೊತ್ತಿದಳು. ಪಟ್ಟಿ ಆರಲಿಲ್ಲ, ಅವಳ ಬೆರಳುಗಳೇ ಆ ನೇರಳೆಯಲ್ಲಿ ಹಳದಿಯಾಗಿ ಬೆಳಗಿದವು.

“ಅರಸಿನವೂ ಹೊಳೀತದೆ. ನನ್ನ ಪಿಎಚ್‌ಡಿ ವೇಸ್ಟ್,” ಮಗಳು ನಕ್ಕಳು. “ಪಪ್ಪ, ಈಗ ನೀವು.”

ಭುಜಂಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ನಾನು ಯಾಕೆ? ಹಾಳಾದೀತು.”

“ಹಾಳಾಗ್ಲಿಕ್ಕೆ ಏನುಂಟು? ದೀಪಾವಳಿಯಿಂದ ನೀವು ಗೇಟಿನಲ್ಲಿ ಕೂತಿರುವುದಲ್ವಾ,” ಪುಷ್ಪಾವತಿ ಕೆಣಕಿದಳು. “ಸೇಠ್‌ನ ಕಾರಿಗೆ ಸಲಾಂ ಹೊಡೆದ ಕೈ, ಅಷ್ಟೇ.”

ಬಣ್ಣದ ತೊಟ್ಟಿಗಳ ಹತ್ತಿರ ಇನ್ನು ಸುಳಿಯಬೇಡ ಎಂದು ಎದೆಯ ಎಕ್ಸ್‌ರೇ ನೋಡಿದ ಡಾಕ್ಟರು ಹೇಳಿದ್ದರು. ಅವನು ಹೆಂಡತಿಗೆ ಮಾತು ಕೊಟ್ಟ. ವಾರ ಕಳೆಯುವುದರೊಳಗೆ, ವಾಚ್‌ಮನ್ ಕೆಲಸಕ್ಕೆ ಹಾಕಿದರೆಂದು ಬಂದು ಹೇಳಿದ. ಅಂದಿನಿಂದ ಸಂಜೆ ಮನೆಗೆ ಬರುವಾಗ ಅವನ ಕೈಗಳಲ್ಲಿ ಸಾಬೂನಿನ ಪರಿಮಳವಿರುತ್ತಿತ್ತು.

“ಮುಟ್ಟಿ ಪಪ್ಪ, ಏನೂ ಆಗುದಿಲ್ಲ.”

ಅವನು ಮುಟ್ಟಿದ. ಕೈ ಹಿಂತೆಗೆದಾಗ ಪಟ್ಟಿಯ ನಡುವೆ ಹೆಬ್ಬೆರಳಿನಷ್ಟು ಕತ್ತಲೆ ಉಳಿದಿತ್ತು.

“ಕೆಟ್ಟಿತಾ ಮಗಾ?” ಪುಷ್ಪಾವತಿ ಕೇಳಿದಳು.

ಅಶ್ಮಿತಾ ತಂದೆಯ ಮುಖ ನೋಡಲಿಲ್ಲ. “ಇಲ್ಲಮ್ಮ,” ಎಂದಳು ತಡೆದು. “ಸರಿಯಾಗಿಯೇ ಉಂಟು.”

ಒಲೆಯ ಮೇಲೆ ಕಾದ ಎಣ್ಣೆಯ ವಾಸನೆ ಬರತೊಡಗಿತ್ತು. ಯಾರೂ ಅತ್ತ ಹೋಗಲಿಲ್ಲ.

“ಗೇಟಿಗೆ ಬೇರೆಯವನನ್ನು ಇಟ್ಟುಕೊಂಡರು,” ಭುಜಂಗ ಮೇಜಿಗೆ ಹೇಳುವಂತೆ ಹೇಳಿದ. “ಇವಳದೊಂದು ಓದು ಮುಗಿಯಲಿ ಅಂತ…”

ಪುಷ್ಪಾವತಿ ಪಟ್ಟಿಯತ್ತ ಬಾಗಿದಳು. ಮಗಳನ್ನು ಕೇಳಿದಳು: “ಇದನ್ನು ತೊಳೆದರೆ ಮೊದಲಿನ ಹಾಗೆ ಆಗ್ತದಾ?”

“ಆಗ್ತದೆ. ಇದು ಆಗ್ತದೆ.”

ಪುಷ್ಪಾವತಿ ಗಂಡನ ಕೈಯನ್ನು ಎಳೆದು ನೇರಳೆ ಬೆಳಕಿನ ಕೆಳಗೆ ಮಗುಚಿ ಹಿಡಿದಳು. ಆ ಅಂಗೈಯಲ್ಲಿ ಏನೂ ಹೊಳೆಯಲಿಲ್ಲ. ಅದನ್ನು ಬಿಡದೆ ಹಿಡಿದಿದ್ದ ಅರಸಿನದ ಬೆರಳುಗಳಷ್ಟೇ ಉರಿಯುತ್ತಿದ್ದವು.